ಮೊದಲ ಅಕ್ಷರದಲ್ಲಿ ಎದ್ದ ಕಂಬ

ನಂಜನಗೂಡಿನಲ್ಲಿ ನಮ್ಮ ಕಚೇರಿ ಇರುವುದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ. ಕೆಳಗೆ ಪ್ಲಾಸ್ಟಿಕ್ ಪೈಪು ಕೊಯ್ಯಲು ಶುರು ಮಾಡಿದರೆ ಮೇಲೆ ನಮ್ಮ ಮೇಜು ಸಣ್ಣಗೆ ನಡುಗುತ್ತದೆ. ಆಗೆಲ್ಲ ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಕೊಯ್ಯದಿದ್ದಾಗಲೂ ಹೋಗುತ್ತೇನೆ, ಅದು ಬೇರೆ ಮಾತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದ ಕಾಲದಿಂದಲೂ ನನಗೆ ಯಾವುದನ್ನಾದರೂ ಒಂದೇ ಸಲಕ್ಕೆ ನಂಬಿ ಸುಮ್ಮನೆ ಕೂರಲು ಬರುವುದಿಲ್ಲ. ನನ್ನ ನೆನಪನ್ನಂತೂ ನಂಬುವುದೇ ಇಲ್ಲ. ಈಗ ಬರೆಯಲು ಹೊರಟಿರುವುದು ನಡೆದಾಗ ಕಪಿಲೆ ಸ್ನಾನಘಟ್ಟದ ಮೆಟ್ಟಿಲುಗಳನ್ನು ಮುಳುಗಿಸಿದ್ದಳು ಎಂದು ನೆನಪು. ಆದರೆ ಅದು ಹಿಂದಿನ ವರ್ಷದ ನೀರೂ ಇರಬಹುದು.

ನಮ್ಮ ಕೆಲಸವನ್ನು ಮನೆಯವರಿಗೆ ನಾನು ಹೀಗೆ ಹೇಳುತ್ತೇನೆ. ಯಾರೋ ಒಬ್ಬರು ಒಂದು ಆ್ಯಪ್ ಮಾಡುತ್ತಾರೆ. ಅದರೊಳಗೆ ಬರುವವರು ಯಾರು, ಅವರು ನಿಜವಾಗಿ ಅವರೇನಾ ಎಂದು ವಿಚಾರಿಸುವ ತಲೆನೋವು ಅವರಿಗೆ ಬೇಡ. ಆ ಬಾಗಿಲನ್ನು ನಮಗೆ ಬಿಟ್ಟುಕೊಡುತ್ತಾರೆ. ಬಂದವರನ್ನು ನಾವು ಕೇಳಿ, ಹೋಲಿಸಿ, ‘ಹೌದು, ಇವರೇ’ ಎಂದೋ ‘ಅಲ್ಲ’ ಎಂದೋ ಆ್ಯಪ್‌ಗೆ ತಿಳಿಸುತ್ತೇವೆ. ಹಾಗಾಗಿ ನಮ್ಮ ಗಿರಾಕಿಗಳು ಡೆವಲಪರುಗಳು. ಆ ಬಾಗಿಲಲ್ಲಿ ನಿಂತ ಜನರ ಮುಖ ನಮಗೂ ಕಾಣುವುದಿಲ್ಲ, ಡೆವಲಪರುಗಳಿಗೂ ಕಾಣುವುದಿಲ್ಲ.

ಡೆವಲಪರುಗಳಿಗೆ ಬಾಗಿಲ ಲೆಕ್ಕವನ್ನು ಚಿತ್ರದಲ್ಲಿ ಕಾಣಿಸಲು ಒಂದು ಡ್ಯಾಶ್‌ಬೋರ್ಡ್ ಮಾಡಬೇಕೆಂದು ಕಂಪನಿಯ ಯಜಮಾನರು ನನಗೆ ಹೇಳಿದರು. ಅವರು ಮೈಸೂರಿನವರು, ದಿನಾ ರೈಲಿನಲ್ಲಿ ಬರುತ್ತಾರೆ, ಬರುವಾಗಲೇ ಅರ್ಧ ದಿನದ ಮಾತು ಯೋಚಿಸಿಕೊಂಡಿರುತ್ತಾರೆ.

“ದೊಡ್ಡದೇನೂ ಬೇಡ ಕಣ್ರೀ. ಸುಮ್ನೆ ಹುಡುಕಾಡೋಕೆ ಒಂದು ಪರದೆ. ಏನು ಹುಡುಕ್ಬೇಕು ಅಂತ ಗೊತ್ತಿಲ್ದೋರಿಗೆ.”

“ನನಗೇ ಗೊತ್ತಿಲ್ವಲ್ಲ ಸರ್.”

“ಅದಕ್ಕೇ ನಿಮಗೆ ಕೊಡ್ತಿರೋದು.”

ಅದೇ ವಾರ, ಅಥವಾ ಅದರ ಹಿಂದು ಮುಂದಿನ ವಾರ, ಅಕ್ಕ ಫೋನು ಮಾಡಿದಳು.

ನಮ್ಮ ಊರು ಕಳಲೆ. ಅಕ್ಕನನ್ನು ಕೊಟ್ಟಿರುವುದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆಗೆ. ಅಲ್ಲಿ ಈಚೆಗೆ ಒಂದು ಖಾಸಗಿ ಹಾಲಿನ ಕೇಂದ್ರ ಶುರುವಾಗಿತ್ತು. ಅಲ್ಲಿ ಹಾಲಿನ ಫ್ಯಾಟು ನೋಡಿ, ಅಳತೆಯನ್ನು ಆ್ಯಪ್‌ಗೆ ಸೇರಿಸುವ ಕೆಲಸಕ್ಕೆ ಅಕ್ಕನನ್ನು ತೆಗೆದುಕೊಂಡಿದ್ದರು. ಗದ್ದೆ ಕೆಲಸ, ಮನೆ ಕೆಲಸ ಬಿಟ್ಟರೆ ಅವಳು ಹೊರಗೆ ಹಿಡಿದ ಮೊದಲ ಕೆಲಸ ಅದು. ಬೆಳಗ್ಗೆ ಸಂಜೆ ಕುರ್ಚಿ ಹಾಕಿಕೊಂಡು ಕೂರುವುದು, ಊರಿನ ಗಂಡಸರು ಕ್ಯಾನು ಹಿಡಿದು ಅವಳ ಮುಂದೆ ಸರದಿ ನಿಲ್ಲುವುದು, ಇದೆಲ್ಲ ಅವಳಿಗೆ ಬಹಳ ಹಿಡಿಸಿತ್ತು. ಆ ಆ್ಯಪ್ ಮಾಡಿದವನು ನರಸೀಪುರದ ಹುಡುಗ. ಅವನು ನಮ್ಮ ಗಿರಾಕಿ. ಬಾಗಿಲು ನಮ್ಮದು.

“ಲೋ, ನಿಮ್ ಕಂಪ್ನಿಯೋರು ನನ್ನ ಕಳ್ಳಿ ಅಂತಾವ್ರೆ ಕಣ್ಲಾ.”

“ಯಾರಕ್ಕಾ ಅಂದೋರು?”

“ಈ ಫೋನು. ಕೆಂಪ್ಗೆ ಬತ್ತದೆ. ‘ಅನುಮಾನ, ಮುಚ್ಚಲಾಗಿದೆ’ ಅಂತ ಬರ್ದದೆ. ಆಲು ಆಕೋಕೆ ಬಂದೋರೆಲ್ಲ ಇಣುಕಿ ಓದ್ತಾವ್ರೆ.”

ಆ ಆ್ಯಪ್‌ನ ಬಾಗಿಲು ಎರಡು ಹಂತದ್ದು. ಮೊದಲು ಫೋನಿಗೆ ಬರುವ ಓಟಿಪಿ. ಆಮೇಲೆ ‘ನಿಮ್ಮ ಊರಿನ ಹೆಸರು ಹೇಳಿ’ ಎಂದು ಫೋನು ಕೇಳುತ್ತದೆ, ಬಾಯಲ್ಲಿ ಹೇಳಬೇಕು. ಹಾಲಿನ ಕೇಂದ್ರದಲ್ಲಿ ಯಾವಾಗಲೂ ಕೈ ಒದ್ದೆ, ಅಕ್ಷರ ಒತ್ತಲು ಆಗುವುದಿಲ್ಲ ಎಂದು ನರಸೀಪುರದ ಹುಡುಗ ಹಾಗೆ ಮಾಡಿಸಿಕೊಂಡಿದ್ದ. ಹೇಳಿದ್ದನ್ನು ಯಂತ್ರ ಬರಹಕ್ಕೆ ಇಳಿಸುತ್ತದೆ, ನಾವು ನೋಂದಣಿಯಲ್ಲಿರುವ ಊರಿನ ಜೊತೆ ಹೋಲಿಸುತ್ತೇವೆ, ಹೋಲಿಸಿದ ಕೂಡಲೇ ಹೇಳಿದ್ದನ್ನು ಅಳಿಸಿಬಿಡುತ್ತೇವೆ. ಇಟ್ಟುಕೊಳ್ಳುವಂತಿಲ್ಲ. ಮತ್ತೆ ಮತ್ತೆ ತಪ್ಪಾದರೆ ಬಾಗಿಲು ಮುಚ್ಚುತ್ತದೆ. ಆಮೇಲೆ ನರಸೀಪುರದವನಿಗೆ ಫೋನು ಮಾಡಿ ತೆಗೆಸಿಕೊಳ್ಳಬೇಕು.

ನಾನು ಅಲ್ಲೇ ನನ್ನ ಪರೀಕ್ಷೆಯ ಫೋನು ತೆಗೆದು, ಹೆಮ್ಮಿಗೆಯವನೆಂದು ಒಂದು ಸುಳ್ಳು ಖಾತೆ ಮಾಡಿ, ಊರಿನ ಹೆಸರು ಹೇಳಿದೆ. ಹಸಿರು ಬಂತು. ಇನ್ನೊಂದು ಸಲ ಹೇಳಿದೆ. ಹಸಿರು.

“ಸರಿಯಾಗೇ ಇದೆಯಲ್ಲಕ್ಕ. ನಿಧಾನವಾಗಿ ಹೇಳು. ಸಿಗ್ನಲ್ ಇರೋ ಕಡೆ ನಿಂತ್ಕೊ.”

“ಕುರ್ಚಿ ಬಿಟ್ಟು ಎಲ್ಲೋಗ್ ನಿಂತ್ಕೊಳ್ಳಾನ? ನೀನೇ ಏಳು.”

ಕೇಂದ್ರದ ಮಾಲೀಕರು ಆಗಲೇ ಅವಳಿಗೆ ಹೇಳಿಬಿಟ್ಟಿದ್ದರಂತೆ. ಒಳಗೇ ಹೋಗಲಾಗದಿದ್ದರೆ ಅಳತೆಯನ್ನೆಲ್ಲ ಕಾಗದದಲ್ಲಿ ಬರೆದು ಆಮೇಲೆ ಯಾರೋ ಏರಿಸಬೇಕು, ಹಾಲು ಹಾಕುವವರು ಗಲಾಟೆ ಮಾಡುತ್ತಾರೆ, ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಬಾಯಿ ಸರಿಯಿರುವವರನ್ನು ಕೂರಿಸುತ್ತೇನೆ ಎಂದು. ‘ಬಾಯಿ ಸರಿಯಿರೋರು’ ಎಂಬ ಮಾತನ್ನು ಅಕ್ಕ ನನಗೆ ಮೂರು ನಾಲ್ಕು ಸಲ ಹೇಳಿದಳು. ಅದು ಅವಳಿಗೆ ಎಲ್ಲಿ ನಾಟಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಡ್ಯಾಶ್‌ಬೋರ್ಡಿನ ಮೊದಲ ಪರದೆ ಅಷ್ಟರಲ್ಲಿ ಸಿದ್ಧವಾಗಿತ್ತು. ಎಷ್ಟು ಜನ ಬಂದರು, ಎಷ್ಟು ಜನ ಒಳಗೆ ಹೋದರು ಎಂಬ ಒಂದು ದುಂಡನೆಯ ಚಿತ್ರ, ಅದರಲ್ಲಿ ಹಸಿರೇ ಹೆಚ್ಚು. ಯಜಮಾನರು ನೋಡಿ ಸಂತೋಷಪಟ್ಟರು. ನನಗೂ ಸಂತೋಷವಾಯಿತು ಅನ್ನಿಸುತ್ತದೆ. ಆದರೆ ಅಕ್ಕನ ಬಾಗಿಲು ಮಾರನೆಯ ಬೆಳಗ್ಗೆ ಮತ್ತೆ ಮುಚ್ಚಿತು. ನನ್ನ ಮುಂದೆ ಹಸಿರು ಚಿತ್ರ, ಕಿವಿಯಲ್ಲಿ ಅವಳ ಬೈಗುಳ. ಎರಡರಲ್ಲಿ ಒಂದು ಸುಳ್ಳಾಗಿರಬೇಕಿತ್ತು. ಎದ್ದು ಕಿಟಕಿಗೆ ಹೋದೆ, ಬಂದು ಕೂತೆ, ಮತ್ತೆ ಹೋದೆ.

ಆ ಹಸಿರಿನಲ್ಲಿ ನಾನೂ ಇದ್ದೇನೆ ಎಂದು ಹೊಳೆದದ್ದು ಕಿಟಕಿಯ ಹತ್ತಿರವೇ. ದಿನಾ ಹತ್ತಾರು ಸಲ ‘ಹೆಮ್ಮಿಗೆ’ ಎಂದು ಹೇಳಿ ಒಳಗೆ ಹೋಗುತ್ತಿದ್ದವನು ನಾನು. ನರಸೀಪುರದ ಹುಡುಗನೂ ಅಲ್ಲಿಂದ ಹಾಗೇ ಮಾಡುತ್ತಿದ್ದ. ಯಜಮಾನರು ಬಂದವರಿಗೆಲ್ಲ ಅದನ್ನೇ ಹೇಳಿ ತೋರಿಸುತ್ತಿದ್ದರು. ಪರೀಕ್ಷೆಯ ಖಾತೆಗಳನ್ನೆಲ್ಲ ಸೋಸಿ ತೆಗೆಯುವ ಒಂದು ಗುಂಡಿ ಸೇರಿಸಿ ಒತ್ತಿದೆ. ಹಸಿರು ಅರ್ಧಕ್ಕೆ ಇಳಿಯಿತು. ಬಾಗಿಲ ಹೊರಗೆ ನಿಜವಾದ ಜನ ನಿಂತಿದ್ದರು, ಒಳಗೆ ನಾವು ಮೂವರು ಓಡಾಡಿಕೊಂಡಿದ್ದೆವು.

ಆಮೇಲೆ ಕೇಂದ್ರವಾರು ಬಿಡಿಸಿದೆ. ಆ ಆ್ಯಪ್ ಆಗ ನಡೆಯುತ್ತಿದ್ದದ್ದು ಮೂರು ಊರಲ್ಲಿ. ಕಳಲೆಯಲ್ಲಿ ತೊಂದರೆಯೇ ಇಲ್ಲ. ಹೆಮ್ಮಿಗೆ ಕೆಂಪು. ಹೆಡತಲೆ ಕೆಂಪು. ಸಿಗ್ನಲ್ ಎಂದುಕೊಂಡೆ. ಅಷ್ಟೇ ಎಂದು ಸುಮ್ಮನಾಗುವವನು ನಾನಲ್ಲ, ಹೆಡತಲೆಗೆ ಬಸ್ಸು ಹತ್ತಿದೆ. ಹಾಲಿನ ಕೇಂದ್ರದ ಬೆನ್ನಿಗೇ ಟವರ್ ನಿಂತಿತ್ತು. ನನ್ನ ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದವು. ಹೋದ ದಾರಿಯಲ್ಲೇ ವಾಪಸು ಬಂದೆ. ಆ ಬಸ್ಸಿನ ಕಂಡಕ್ಟರ್ ಊರು ಬಂದಾಗ ಏನೆಂದು ಕೂಗಿದ ಎಂದು ನೆನಪಿಸಿಕೊಳ್ಳಲು ಆಮೇಲೆ ಬಹಳ ಪ್ರಯತ್ನಪಟ್ಟಿದ್ದೇನೆ. ‘ಹೆಡತಲೆ’ ಎಂದೇ ನನ್ನ ಕಿವಿ ಹೇಳುತ್ತದೆ. ಅವನು ಹಾಗೆ ಕೂಗಿರಲು ಸಾಧ್ಯವೇ ಇಲ್ಲ ಎಂದು ಈಗ ನನಗೆ ಗೊತ್ತು.

ಜನ ಏನು ಹೇಳಿದರೆಂದು ನೋಡಲು ದಾರಿ ಇರಲಿಲ್ಲ, ಅಳಿಸಿಬಿಟ್ಟಿದ್ದೆವು. ಅದನ್ನು ಉಳಿಸಿಕೊಳ್ಳೋಣ ಎಂದರೆ ಯಜಮಾನರು ಒಪ್ಪುವವರಲ್ಲ, ನಾನೂ ಕೇಳುವವನಲ್ಲ. ಬದಲಿಗೆ ಇನ್ನೊಂದು ಕೇಳಿದೆ. ಹೋಲಿಸುವ ಹೊತ್ತಿನಲ್ಲಿ ಎಷ್ಟನೆಯ ಅಕ್ಷರದಲ್ಲಿ ತಪ್ಪು ಶುರುವಾಯಿತು ಎಂಬ ಸಂಖ್ಯೆಯೊಂದನ್ನು ಮಾತ್ರ ಇಟ್ಟುಕೊಳ್ಳಬಹುದೇ ಎಂದು.

“ಅಕ್ಷರ ಬೇಡ, ಜಾಗ ಮಾತ್ರ,” ಎಂದರು ಯಜಮಾನರು. “ಅದ್ರಿಂದ ಏನ್ ಗೊತ್ತಾಗುತ್ತೆ?”

“ಗೊತ್ತಿಲ್ಲ ಸರ್. ಹುಡುಕಾಡೋ ಪರದೆ ಅಲ್ವಾ.”

ಅವರು ನಕ್ಕರು. ಎರಡು ದಿನ ಕಾದು ಆ ಚಿತ್ರವನ್ನು ತೆರೆದೆ. ಒಂದು, ಎರಡು, ಮೂರು, ನಾಲ್ಕು ಎಂದು ಕೆಳಗೆ ಅಕ್ಷರದ ಸ್ಥಾನಗಳು, ಮೇಲೆ ಕಂಬಗಳು. ಎರಡರಿಂದ ಮುಂದೆ ಹುಲ್ಲಿನ ಕೂಳೆಯಷ್ಟು ಎತ್ತರ. ಒಂದರ ಮೇಲೆ ಮಾತ್ರ ಪರದೆಯ ನೆತ್ತಿ ಮುಟ್ಟುವ ಕಂಬ. ಮೊದಲ ಅಕ್ಷರದಲ್ಲೇ ಎಲ್ಲರೂ ಎಡವುತ್ತಿದ್ದರು. ಅಲ್ಲಿಯವರೆಗೆ ನಾನು ಮಾಡಿದ ಎಲ್ಲ ಚಿತ್ರಗಳಿಗಿಂತ ಅದು ಕುರೂಪವಾಗಿತ್ತು. ನೋಡುತ್ತ ಕೂತೆ ಎನ್ನಲಾರೆ, ನೋಡುತ್ತ ಓಡಾಡಿದೆ.

ಅದನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ನರಸೀಪುರಕ್ಕೆ ಹೋದೆ. ಆ ಹುಡುಗ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾನೆ. ಇಂಜಿನಿಯರಿಂಗ್ ಓದಿದವನು, ನನಗಿಂತ ಬಹಳ ಚಿಕ್ಕವನು, ಚುರುಕು. ಕಂಬವನ್ನು ನೋಡಿ ತಕ್ಷಣ ಹೇಳಿದ.

“ಮೈಕು ಲೇಟಾಗಿ ಆನ್ ಆಯ್ತದೆ ಸಾ. ಮೊದ್ಲ ಅಕ್ಷರ ನುಂಗ್ಬಿಡ್ತದೆ.”

ಒಳ್ಳೆಯ ಊಹೆ. ನನಗೆ ಅಸೂಯೆಯಾಯಿತು. ಆದರೆ ಒಂದು ನಿಮಿಷದ ಮೇಲೆ ಅದು ನಿಲ್ಲಲಿಲ್ಲ.

“ಮೈಕು ನುಂಗೋದಾದ್ರೆ ಕಳಲೆಯಲ್ಲಿ ‘ಕ’ನೂ ನುಂಗ್ಬೇಕಿತ್ತಲ್ಲಪ್ಪ. ಅಲ್ಲಿ ಯಾಕೆ ನುಂಗಲ್ಲ?”

“ಕಳಲೆಯೋರು ಜೋರಾಗಿ ಕೂಗ್ತಾರೇನೋ ಸಾ. ನೀವೂ ಆ ಊರೋರೇ ಅಲ್ವಾ.”

“ತಮಾಷೆ ಸಾಕು. ನಮ್ಮಕ್ಕನಿಗೆ ಫೋನು ಮಾಡ್ತೀನಿ, ಅವ್ಳ ಫೋನಿನ ಮೈಕ್ ಹೆಂಗಿದೆ ಕೇಳೋಣ.”

ಸ್ಪೀಕರ್ ಹಾಕಿ ಕರೆ ಮಾಡಿದೆ. ಹಿಂದೆ ಎಮ್ಮೆಯೋ ಕರುವೋ ಅರಚುತ್ತಿತ್ತು.

“ಎಲ್ಲಿದ್ದೀಯಕ್ಕ?”

“ಎಲ್ಲಿರ್ತೀನ್ಲಾ? ಎಮ್ಮಿಗೇಲಿ.”

ಹುಡುಗ ನನ್ನನ್ನು ನೋಡಿದ. ನಾನು ಕಂಬವನ್ನು ನೋಡಿದೆ. ಕರೆ ನಡೆಯುತ್ತಲೇ ಇತ್ತು, ಅಕ್ಕ ‘ಲೋ, ಲೋ’ ಎನ್ನುತ್ತಿದ್ದಳು. ಇಲ್ಲಿ ನನ್ನ ನೆನಪು ಒಂದು ಆಟ ಆಡುತ್ತದೆ. ಕಂಬ ನೋಡಿ ಹೊಳೆದು, ಖಾತ್ರಿಗೆಂದು ಅಕ್ಕನಿಗೆ ಫೋನು ಮಾಡಿದೆ ಎಂದು ಯಜಮಾನರಿಗೆ ನಾನು ವರದಿ ಒಪ್ಪಿಸಿದ್ದು. ಹಾಗೆ ಹೇಳಿ ಹೇಳಿ ಈಗ ಹಾಗೇ ನೆನಪಾಗುತ್ತದೆ. ಮೈಕಿನ ವಿಷಯ ಕೇಳಲು ಮಾಡಿದ ಕರೆ ಅದು ಎಂದು ಇಲ್ಲಿ ಬರೆದಿರುವುದು ಆ ಹುಡುಗ ಆಮೇಲೆ ನೆನಪು ಮಾಡಿದ್ದರಿಂದ.

ಅವನು ತನ್ನ ಪರೀಕ್ಷೆಯ ಫೋನು ತೆಗೆದ. ಅದರಲ್ಲಿ ಯಂತ್ರ ಕೇಳಿಸಿಕೊಂಡದ್ದು ಬರಹದಲ್ಲಿ ಕಾಣುತ್ತದೆ. ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಹೇಳಿದ. “ಹೆಮ್ಮಿಗೆ.” ಹಸಿರು.

“ಈಗ ನಿಮ್ಮವ್ವನ ಹತ್ರ ಮಾತಾಡೋ ಥರ ಹೇಳು,” ಎಂದೆ.

ಅವನಿಗೆ ಬರಲಿಲ್ಲ. ಫೋನು ಮುಂದಿದ್ದರೆ ದನಿ ತಾನಾಗಿ ಬಿಗಿಯಾಗುತ್ತಿತ್ತು. ಕೊನೆಗೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಬಾಗಿಲ ಕಡೆ ತಿರುಗಿ, ಇಲ್ಲದ ಯಾರನ್ನೋ ಕೇಳಿದ. “ಅಣ್ಣಾ, ಈ ಬಸ್ಸು ಎಮ್ಮಿಗೆಗೋಯ್ತದಾ?” ಫೋನು ತಿರುಗಿಸಿ ನೋಡಿದೆವು. ಊರಿನ ಜಾಗದಲ್ಲಿ ಯಂತ್ರ ‘ಎಮ್ಮೆಗೆ’ ಎಂದು ಬರೆದಿತ್ತು.

ಇಬ್ಬರೂ ನಕ್ಕೆವು. ಹೆಡತಲೆಯನ್ನೂ ಹಾಗೇ ಹೇಳಿ ನೋಡಿದೆವು. ‘ಎಡ ತಲೆ’ ಎಂದು ಎರಡು ಪದ ಬಂತು. ಜೆರಾಕ್ಸ್ ಅಂಗಡಿಯವರು ಇಣುಕಿ ನೋಡಿ ಹೋದರು. ನಗು ನಿಂತ ಮೇಲೆ ಅವನು ಹೇಳಿದ.

“ನಾನೂ ಅಂಗೇ ಅನ್ನೋದು ಸಾ. ಫೋನ್ಗೆ ಮಾತ್ರ ಇಂಗೆ.”

ನಾನೂ ಹಾಗೆಯೇ. ಕಳಲೆಯಲ್ಲಿ ಹುಟ್ಟಿ, ‘ಅಳ್ಳಿ’ ಎನ್ನುತ್ತ ಬೆಳೆದು, ಮೈಸೂರಿಗೆ ಓದಲು ಹೋದ ಮೇಲೆ ‘ಹಳ್ಳಿ’ ಎಂದವನು. ಯಂತ್ರದ ಮುಂದೆ ನಿಂತರೆ ನಾವೆಲ್ಲ ಪರೀಕ್ಷೆಗೆ ನಿಂತವರಂತೆ ಪುಸ್ತಕದ ಬಾಯಿ ಹಾಕಿಕೊಳ್ಳುತ್ತಿದ್ದೆವು. ಆ ಬಾಯಿಂದಲೇ ಬಾಗಿಲನ್ನು ಪರೀಕ್ಷಿಸಿ, ಸರಿಯಾಗಿದೆ ಎಂದಿದ್ದೆವು.

ನೋಂದಣಿಯಲ್ಲಿ ಊರನ್ನೇ ‘ಎಮ್ಮಿಗೆ’ ಎಂದು ಬರೆಯೋಣ ಎಂದರೆ ಆಗುವಂತಿರಲಿಲ್ಲ. ಆ ಆ್ಯಪ್‌ನಲ್ಲಿ ಊರುಗಳು ಕಂದಾಯದ ದಾಖಲೆಯಲ್ಲಿ ಇದ್ದ ಹಾಗೇ ಬರುತ್ತವೆ, ಅವುಗಳಲ್ಲಿ ಒಂದನ್ನು ಆರಿಸಬೇಕು ಅಷ್ಟೆ. ಹುಡುಗ ಇನ್ನೊಂದು ದಾರಿ ಹೇಳಿದ.

“ಅಕ್ಕಾರ ತವ್ರು ಕಳಲೆ ಅಲ್ವಾ ಸಾ? ಅವ್ರ ಊರು ಕಳಲೆ ಅಂತ ಮಾಡ್ಬಿಡ್ತೀನಿ. ಅದ್ರಲ್ಲಿ ‘ಹ’ನೇ ಇಲ್ಲ. ಇವತ್ತೇ ಮುಗೀತದೆ.”

ಅಕ್ಕನನ್ನು ಕೇಳಿದೆ.

“ಈ ಊರ್ಗೆ ಬಂದು ನನ್ ಮಕ್ಳೇ ಮದ್ವೆ ವಯಸ್ಸಿಗೆ ಬಂದವ್ರೆ. ಈಗ ದಿನಾ ಬೆಳಗೆದ್ದು ಊರ್ನೋರ ಮುಂದೆ ನಾನು ಕಳಲೆಯೋಳು ಅನ್ನನಾ? ನಿಮ್ ಭಾವ ಏನಂದಾರು, ಬಿಡು ಅವ್ರು. ಆಲು ಆಕೋರು ಏನಂದಾರು?”

“ಫೋನಿಗೆ ಹೇಳೋದಕ್ಕ. ಸುಮ್ನೆ.”

“ಸುಮ್ನೆ ಏಳೋದಾದ್ರೆ ನಿಮ್ ಬಾಗ್ಲು ಯಾತಕ್ಕೆ?”

ಹಾಗಾದರೆ ‘ಹ’ ಕಲಿಸಿಬಿಡೋಣ ಎಂದುಕೊಂಡೆ. ತಿಂಗಳು ಮುಗಿಯುತ್ತ ಬಂದಿತ್ತು.

“ಹೆ ಅನ್ನಕ್ಕ.”

“ಎ.”

“ಉಸಿರು ಬಿಟ್ಟು ಅನ್ನು. ಹೆ.”

“ಉಸ್ರು ಬಿಡ್ದೆ ಯಾರ್ ಮಾತಾಡ್ತಾರ್ಲಾ? ಎ.”

“ಅಂಗೈನ ಬಾಯಿ ಮುಂದೆ ಹಿಡ್ಕೊ. ಹೆ ಅಂದಾಗ ಗಾಳಿ ತಾಕ್ಬೇಕು. ಮೇಷ್ಟ್ರು ನಿನಗೆ ಹೇಳ್ಕೊಡ್ತಿರಲಿಲ್ವಾ, ಹಾಗೆ.”

“ನಂಗಾ? ನಂಗ್ಯಾವಾಗ ಏಳ್ಕೊಟ್ರು? ಅಂಗೈ ಇಡ್ಕೊಂಡು ನಿಂತಿದ್ದೋನು ನೀನು.”

ಇದು ನನ್ನನ್ನು ಆಮೇಲೆ ಬಹಳ ದಿನ ಕಾಡಿತು. ಕಳಲೆಯ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಎರಡು ತರಗತಿ. ಅಕ್ಕ ಒಂದು ಸಾಲು, ನಾನು ಒಂದು ಸಾಲು. ಒಬ್ಬರು ಕರಿಹಲಗೆಯ ಪಕ್ಕ ಅಂಗೈಯನ್ನು ತುಟಿಯ ಹತ್ತಿರ ಹಿಡಿದು ‘ಹಳ್ಳಿ, ಹಾವು, ಹುಲಿ’ ಎನ್ನುತ್ತ ನಿಂತಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಎರಡು ಜಡೆ, ರಿಬ್ಬನ್ನು. ಅದು ಅಕ್ಕ. ಆದರೆ ಅಂಗೈಗೆ ತಾಕಿದ ಬೆಚ್ಚನೆ ಗಾಳಿಯೂ ನನಗೆ ನೆನಪಿದೆ. ಬೇರೆಯವರ ಅಂಗೈಗೆ ತಾಕಿದ ಗಾಳಿ ನನಗೆ ಹೇಗೆ ನೆನಪಿರುತ್ತದೆ? ಅಕ್ಕನನ್ನು ಮತ್ತೆ ಮತ್ತೆ ಕೇಳಿದೆ. ಅವಳು ಬೇಸರಪಟ್ಟುಕೊಂಡಳು.

“ನೀನೇ ಕಣೋ. ನಾವೆಲ್ಲ ನಗ್ತಿದ್ವಿ. ಅದಿರ್ಲಿ, ನಮ್ಮೂರ ಎಸ್ರ ನಂಗೇ ಏಳ್ಕೊಡೋಕೆ ಬಂದ್ಯಲ್ಲ, ಎಂಥೋನ್ಲಾ ನೀನು. ಆಯ್ತು, ಕಲ್ತೀನಿ. ಇನ್ಮ್ಯಾಲೆ ಎಮ್ಮೆ ಆಲ್ಗೆ ‘ಹೆಮ್ಮೆ ಹಾಲು’ ಅಂತೀನಿ. ಖುಸೀನಾ?”

ಆ ‘ಹೆಮ್ಮೆ ಹಾಲಿ’ನಲ್ಲಿ ಎರಡೂ ಹಕಾರಗಳು ಗಟ್ಟಿಯಾಗಿ ಬಿದ್ದವು. ಬೇಕಾದರೆ ಅವಳಿಗೆ ಬರುತ್ತದೆ ಎಂದು ಅದರಿಂದ ತಿಳಿಯಬೇಕಿತ್ತು. ಬೇಡದ ಕಡೆ ಮಾತ್ರ ಬರುತ್ತದೆ ಎಂದೂ ಇರಬಹುದು.

ಯಜಮಾನರ ಮುಂದೆ ನಾನು ಕೇಳಿದ್ದು ಸಣ್ಣ ಬದಲಾವಣೆ. ಊರಿನ ಹೆಸರು ಹೋಲಿಸುವಾಗ ಮಾತ್ರ ಎರಡೂ ಕಡೆಯಿಂದ ಮೊದಲ ‘ಹ’ವನ್ನು ಕಳಚಿ ಹೋಲಿಸುವುದು. ಯಂತ್ರ ‘ಎಮ್ಮೆಗೆ’ ಎಂದು ಕೇಳಿಸಿಕೊಂಡದ್ದನ್ನು ‘ಎಮ್ಮಿಗೆ’ಗೆ ಹತ್ತಿರ ಎಂದು ಒಳಗೆ ಬಿಡುವುದು. ಎಡ ಮತ್ತು ತಲೆಯ ನಡುವಿನ ಸಂದು ಮುಚ್ಚುವುದು.

“ಬಾಗಿಲು ಸಡಿಲ ಮಾಡ್ತಿದ್ದೀರಿ ನೀವು,” ಎಂದರು. “ಹ ತೆಗೆದ್ರೆ ಯಾವ್ಯಾವ ಊರು ಒಂದಾಗ್ಬಿಡುತ್ತೋ.”

ಆ ಹುಡುಗನ ಆ್ಯಪ್‌ನಲ್ಲಿದ್ದ ಊರುಗಳನ್ನೆಲ್ಲ ಹಾಗೆ ಕಳಚಿ ನೋಡಿದ್ದೆ. ಯಾವುದೂ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ. ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮಕ್ಕ ಅಂತ ಮಾಡ್ತಿದ್ದೀರಾ?”

“ಕಂಬ ನೋಡಿ ಮಾಡ್ತಿದ್ದೀನಿ ಸರ್.”

ಅವರು ಒಪ್ಪಿದರು. ನಾನು ಹೇಳಿದ್ದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಖಚಿತವಿಲ್ಲ. ಅಕ್ಕ ಇಲ್ಲದೆ ಹೋಗಿದ್ದರೆ ಆ ದುಂಡನೆಯ ಹಸಿರು ಚಿತ್ರದಲ್ಲೇ ನಿಂತುಬಿಡುತ್ತಿದ್ದೆನೇನೋ. ಕಂಬ ಇಲ್ಲದಿದ್ದರೆ ಅಕ್ಕನಿಗೆ ಸಿಗ್ನಲ್ ಇರುವ ಕಡೆ ನಿಂತುಕೋ ಎನ್ನುತ್ತಲೇ ಇರುತ್ತಿದ್ದೆ.

ಹೆಮ್ಮಿಗೆಯ ಕೇಂದ್ರಕ್ಕೆ ಮೊದಲು ಬದಲಾವಣೆ ಹಾಕಿ, ಮಾರನೆಯ ಬೆಳಗ್ಗೆ ಅಕ್ಕ ಹಾಲು ತೆಗೆದುಕೊಳ್ಳುವ ಹೊತ್ತಿಗೆ ನಾನೇ ಅಲ್ಲಿದ್ದೆ. ಕೇಂದ್ರ ಎಂದರೆ ಶೀಟು ಹೊದಿಸಿದ ಒಂದು ಕೋಣೆ, ಹೊರಗೆ ಜಗಲಿ. ಜಗಲಿಯ ಉದ್ದಕ್ಕೂ ಕ್ಯಾನುಗಳು, ಸ್ಟೀಲಿನ ತಂಬಿಗೆಗಳು. ಮಾಲೀಕರೂ ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ತಿಂಗಳು ಮುಗಿಯಲು ಇನ್ನು ಹೆಚ್ಚು ದಿನ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

“ಏನಮ್ಮ, ಇವತ್ತು ಒಳಿಕ್ ಬಿಟ್ಟದಾ ನಿನ್ನ?” ಎಂದರು ಅವರು.

“ತಮ್ಮ ಬಂದವ್ನೆ. ಬಿಡ್ದೆ ಎಲ್ಲೋದಾತು,” ಎಂದಳು ಅಕ್ಕ.

“ತಮ್ಮ ಬಂದು ಬಾಗ್ಲು ತಗ್ಯದಾದ್ರೆ ದಿನಾ ಬರ್ಬೇಕಾಯ್ತದೆ ಬುದ್ಧಿ,” ಎಂದರು ಸರದಿಯಲ್ಲಿದ್ದ ಹಿರಿಯರೊಬ್ಬರು. ಕ್ಯಾನು ಹಿಡಿದವರೆಲ್ಲ ನಕ್ಕರು.

ಓಟಿಪಿ ಬಂತು. ಫೋನು ಊರಿನ ಹೆಸರು ಕೇಳಿತು. ಅಕ್ಕನಿಗೆ ನಾನು ಮುಂಚೆಯೇ ಹೇಳಿದ್ದೆ, ಇವತ್ತು ನಿನ್ನ ಬಾಯಿಗೆ ಬಂದ ಹಾಗೇ ಹೇಳು, ಏನೂ ಕಷ್ಟಪಡಬೇಡ ಎಂದು. ಅವಳು ತಲೆಯಾಡಿಸಿದ್ದಳು. ಈಗ ಬಲಗೈಯಲ್ಲಿ ಫೋನು ಹಿಡಿದು, ಒದ್ದೆಯಾಗಿದ್ದ ಎಡಗೈಯನ್ನು ಸೆರಗಿಗೆ ಒರೆಸಿ, ಅಂಗೈಯನ್ನು ತುಟಿಯ ಹತ್ತಿರ ತಂದಳು. ಸರದಿಯಲ್ಲಿದ್ದವರು ಕತ್ತು ಚಾಚಿದರು.

“ಹೆಮ್ಮಿಗೆ.”

ಅಚ್ಚುಕಟ್ಟಾಗಿ, ವಾರ್ತೆಯವರ ಹಾಗೆ. ಹಸಿರು ಬಂತು.

“ಓ, ಬಾಯಿ ಸರೋಯ್ತು,” ಎಂದರು ಮಾಲೀಕರು. ಅಕ್ಕ ಅವರ ಕಡೆ ನೋಡಲಿಲ್ಲ. ಮೊದಲ ಕ್ಯಾನಿನ ಮುಚ್ಚಳ ತೆಗೆದಳು.

ನನ್ನ ಸ್ಥಿತಿ ಹೇಳಲಾರೆ. ಬಾಗಿಲು ತೆರೆದದ್ದು ನಮ್ಮ ಬದಲಾವಣೆಯಿಂದಲೋ ಅವಳ ‘ಹ’ದಿಂದಲೋ ತಿಳಿಯುವ ದಾರಿಯೇ ಇರಲಿಲ್ಲ. ಅವಳು ಹೇಳಿದ ರೀತಿಗೆ ಹಳೆಯ ಬಾಗಿಲೂ ತೆರೆಯುತ್ತಿತ್ತು. ಅವಳ ಕುರ್ಚಿಯ ಪಕ್ಕ ಬಗ್ಗಿ ಪಿಸುಗುಟ್ಟಿದೆ.

“ಅಕ್ಕ, ಒಂದು ಸಲ ಹೊರಗೆ ಬಂದು, ಮತ್ತೆ ಒಳಗೆ ಹೋಗು. ಯಾವಾಗ್ಲೂ ಹೇಳೋ ಥರ ಹೇಳು.”

“ಒಳಿಕ್ ಬಿಟ್ಟದಲ್ಲ. ಇನ್ನೇನ್ಲಾ ನಿಂದು?”

“ಪರೀಕ್ಷೆ ಮಾಡ್ಬೇಕಲ್ಲ.”

“ಆಲು ಒಡೀತದೆ, ಸರ್ಕೊ.”

ಸರಿದೆ. ಜಗಲಿಯ ಕಂಬಕ್ಕೆ ಒರಗಿ ಸರದಿ ಕರಗುವುದನ್ನು ನೋಡಿದೆ. ಅವಳು ಪ್ರತಿಯೊಬ್ಬರ ಹೆಸರನ್ನೂ ಕೂಗಿ ಫ್ಯಾಟು ಹೇಳುತ್ತಿದ್ದಳು. ಹಕಾರದಿಂದ ಶುರುವಾಗುವ ಹೆಸರುಗಳಲ್ಲಿ ಹಕಾರ ಇರಲಿಲ್ಲ, ಆ ಹೆಸರಿನವರೆಲ್ಲ ‘ಓ’ ಎಂದು ಮುಂದೆ ಬರುತ್ತಿದ್ದರು. ಅಂಗೈ ಹಿಡಿದಳಲ್ಲ, ಹಾಗಾದರೆ ಶಾಲೆಯಲ್ಲಿ ನಿಂತವಳು ಅವಳೇ ಎಂದುಕೊಂಡೆ. ನಾನು ಫೋನಿನಲ್ಲಿ ಹೇಳಿಕೊಟ್ಟದ್ದನ್ನೇ ಮಾಡಿದಳು ಅಷ್ಟೆ ಎಂದೂ ಅನ್ನಿಸಿತು. ಬಸ್ಸಿನಲ್ಲಿ ನರಸೀಪುರದವರೆಗೂ, ಅಲ್ಲಿಂದ ನಂಜನಗೂಡಿನವರೆಗೂ ಇವೆರಡೂ ಒಂದನ್ನೊಂದು ತಳ್ಳಾಡಿಕೊಂಡು ಬಂದವು.

ಸಂಜೆಯ ಹಾಲಿನ ಹೊತ್ತಿಗೆ ಡ್ಯಾಶ್‌ಬೋರ್ಡ್ ತೆರೆದುಕೊಂಡು ಕೂತೆ. ಹೆಮ್ಮಿಗೆಯಿಂದ ಒಂದು ಲಾಗಿನ್. ಹಸಿರು. ಹೇಗೆ ಹೇಳಿದಳು ಎಂದು ನೋಡಲು ಅಕ್ಷರದ ಚಿತ್ರಕ್ಕೆ ಹೋದೆ. ಒಂದರ ಮೇಲೆ ಕಂಬ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ‘ಹ’ವನ್ನು ಎರಡೂ ಕಡೆಯಿಂದ ಕಳಚಿಬಿಟ್ಟ ಮೇಲೆ, ಹೇಳಿದವರೂ ಹೇಳದವರೂ ನಮ್ಮ ಪರದೆಯಲ್ಲಿ ಒಂದೇ. ನನಗೆ ದಾರಿ ತೋರಿಸಿದ ಆ ಒಂದು ಚಿತ್ರವನ್ನು ನಾನೇ ಕುರುಡು ಮಾಡಿದ್ದೆ.

ಅಕ್ಕನಿಗೆ ಫೋನು ಮಾಡಿದೆ.

“ಸಂಜೆ ಹೇಗಂದೆ?”

“ಏನ?”

“ಊರಿನ ಹೆಸರು. ಹ ಹಾಕಿ ಅಂದ್ಯಾ, ಹಾಕ್ದೆ ಅಂದ್ಯಾ?”

“ಎಂಗಂದ್ರೇನ್ಲಾ? ನಾನೇ ಅಂತ ಗೊತ್ತಾಯ್ತಲ್ಲ ಅದ್ಕೆ. ಮಾಲೀಕ್ರು ಇನ್ಮ್ಯಾಲೆ ನೀನೇ ಕೂತ್ಕೊಳವ್ವ ಅಂದ್ರು. ಮಡಗು, ಜನ ನಿಂತವ್ರೆ.”

“ಒಂದೇ ಮಾತು ಹೇಳಿಬಿಡಕ್ಕ.”

ಮಡಗಿದಳು.

ಆಮೇಲೂ ಬೇರೆ ಬೇರೆ ದಿನ ಕೇಳಿದ್ದೇನೆ. ಒಂದು ಸಲ ‘ಹ ಆಕ್ದೆ’ ಎಂದಳು, ಇನ್ನೊಂದು ಸಲ ‘ಅದ್ಯಾರು ಗ್ಯಾನ ಇಟ್ಕೊಂಡವ್ರೆ’ ಎಂದಳು. ಈಗ ಕೇಳುವುದನ್ನು ಬಿಟ್ಟಿದ್ದೇನೆ. ಬೆಳಗ್ಗೆ ಸಂಜೆ ಹೆಮ್ಮಿಗೆಯ ಸಾಲಿನಲ್ಲಿ ಹಸಿರು ಬೀಳುತ್ತದೆ, ಹೆಡತಲೆಯಲ್ಲೂ ಬೀಳುತ್ತದೆ.

ಆ ಸಂಜೆ ಅವಳು ಫೋನು ಇಟ್ಟ ಮೇಲೆ ಕೆಳಗೆ ಪೈಪು ಕೊಯ್ಯಲು ಶುರು ಮಾಡಿದರು. ಎದ್ದು ಕಿಟಕಿಗೆ ಹೋದೆ. ಯಜಮಾನರು ರೈಲಿಗೆ ಹೊರಟಿದ್ದರು, ಕೋಣೆಯಲ್ಲಿ ಯಾರೂ ಇರಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಅಕ್ಕನ ಊರಿನ ಹೆಸರು ಹೇಳಿದೆ. ಏನೋ ತಾಕಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಅದರ ಗಾಳಿಯೂ ಇರಬಹುದು ಎಂದು ಅದನ್ನು ಆರಿಸಿ ಬಂದು ಇನ್ನೊಂದು ಸಲ ಹೇಳಿದೆ.